ಹಳ್ಳೂರಿನ ಎಲುಬು, ಹಳ್ಳೂರಿನ ಹುರುಳಿ

ಎತ್ತಿನ ಹಿಣಿಲು ಬರೀ ಮಾಂಸ, ಕೊಬ್ಬು. ಸತ್ತ ಎತ್ತನ್ನು ಹೂತರೆ ಅದು ಬೇಗ ಕರಗಿಹೋಗುತ್ತದೆ. ಅದನ್ನು ಹೊತ್ತ ಬೆನ್ನೆಲುಬಿನ ಮಣಿಗಳು ಮಾತ್ರ ಉಳಿಯುತ್ತವೆ. ಆ ಮಣಿಗಳ ಮೇಲೆ ಮುಳ್ಳಿನಂತೆ ಎದ್ದಿರುವ ಎಲುಬುಗಳಲ್ಲಿ ಕೆಲವುಗಳ ತುದಿ ಎರಡಾಗಿ ಕವಲೊಡೆದಿರುತ್ತದೆ. ಬಲ್ಲವರು ಆ ಕವಲು ನೋಡಿದರೆ ಸಾಕು, ಎಲುಬು ಮೂರು ಸಾವಿರ ವರ್ಷದ ಹಿಂದಿನದಾಗಿದ್ದರೂ ಇದು ನಮ್ಮ ನಾಡಿನ ಹಿಣಿಲಿನ ದನದ್ದೆಂದು ಹೇಳಿಬಿಡುತ್ತಾರೆ.

ಹಾಗೆ ಬಲ್ಲವರಲ್ಲಿ ಒಬ್ಬರು ಕೆ.ಆರ್. ಆಲೂರ. ವೃತ್ತಿಯಿಂದ ಅವರು ಪಶುವೈದ್ಯರು, ನಮ್ಮ ಕಡೆಯ ಜನ ಹೇಳುವಂತೆ ದನದ ಡಾಕ್ಟರು. ಕರ್ನಾಟಕದ ಹಲವು ಉತ್ಖನನಗಳಲ್ಲಿ ಸಿಕ್ಕ ಪ್ರಾಣಿಗಳ ಎಲುಬುಗಳನ್ನು ಪರೀಕ್ಷಿಸಿ ವರದಿ ಬರೆದವರು. ಅವರ ಹೆಸರು ಕರ್ನಾಟಕದ ಆಚೆಗೂ ಹೋದದ್ದು ಹಿರೇಕೆರೂರು ಸೀಮೆಯ ಒಂದು ಊರಿನಿಂದ. ತುಂಗಭದ್ರೆಯ ಎಡದಂಡೆಯ ಆ ಊರು ಹಳ್ಳೂರು. ನಾನು ಈ ಊರಿನ ಬೆನ್ನು ಹತ್ತಿದ್ದು ಆಲೂರರ ಎಲುಬಿನ ವರದಿಯ ದೆಸೆಯಿಂದಲೇ.

ಹಳ್ಳೂರಿನ ಪ್ರಾಚೀನ ನೆಲೆಯನ್ನು ಅಗೆಸಿದವರು ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯ ಅಗೆತ ಮುಗಿಸಿದ್ದ ಅವರು 1965ರಲ್ಲಿ ಇಲ್ಲಿ ಗುದ್ದಲಿ ಹಾಕಿಸಿದರು. ಆಗ ಹಾವೇರಿ ಜಿಲ್ಲೆಯೇ ಇರಲಿಲ್ಲ, ಇದೆಲ್ಲ ಧಾರವಾಡ ಜಿಲ್ಲೆ. ತುಂಗಭದ್ರಾ ಕಣಿವೆಯ ಪೂರ್ವೇತಿಹಾಸ ಕುರಿತ ಅವರ ವರದಿ ಧಾರವಾಡದಲ್ಲಿ ಪುಸ್ತಕವಾಗಿ ಹೊರಬಂದದ್ದು 1971ರಲ್ಲಿ. ಮುಂದೆ ನಾಗರಾಜರಾವ್ ರಾಜ್ಯದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾದರು, ಹಂಪಿಯ ಅಗೆತಗಳಲ್ಲಿ ದುಡಿದರು, ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರೂ ಆದರು. 1971ರ ಆ ವರದಿಯಲ್ಲಿ ಪ್ರಾಣಿಗಳ ಭಾಗ ಬರೆದವರು ಆಲೂರರು.

ಎಲುಬು ಓದುವುದೆಂದರೆ

ಅಗೆತದಲ್ಲಿ ಇಡೀ ಅಸ್ಥಿಪಂಜರ ಸಿಗುವುದು ಅಪರೂಪ. ಸಿಗುವುದೆಲ್ಲ ಚೂರುಗಳೇ: ಅಡುಗೆಗೆ ಕಡಿದದ್ದು, ಮಜ್ಜೆಗಾಗಿ ಒಡೆದದ್ದು, ಒಲೆಯಲ್ಲಿ ಸುಟ್ಟದ್ದು, ನಾಯಿ ಕಚ್ಚಿದ್ದು. ಪಶುವೈದ್ಯ ಮೊದಲು ಇದು ದೇಹದ ಯಾವ ಭಾಗ ಎಂದು ಗುರುತಿಸಬೇಕು, ಆಮೇಲೆ ಯಾವ ಪ್ರಾಣಿ ಎಂಬುದನ್ನು. ಕುರಿಗೂ ಮೇಕೆಗೂ ಎಲುಬಿನಲ್ಲಿ ಇರುವ ವ್ಯತ್ಯಾಸ ಎಷ್ಟು ಸೂಕ್ಷ್ಮವೆಂದರೆ, ಅನೇಕ ಚೂರುಗಳನ್ನು ಎರಡಕ್ಕೂ ಸೇರಿಸಿ ಎಣಿಸಬೇಕಾಗುತ್ತದೆ. ಹಲ್ಲು ಎಷ್ಟು ಸವೆದಿದೆ ಎಂಬುದರಿಂದ ಪ್ರಾಣಿಯ ವಯಸ್ಸು ತಿಳಿಯುತ್ತದೆ. ಎಳೆಯ ಪ್ರಾಣಿಗಳ ಎಲುಬೇ ಹೆಚ್ಚಿದ್ದರೆ ಮಾಂಸಕ್ಕೆಂದು ಸಾಕಿರಬಹುದು. ಮುದಿ ದನಗಳ ಎಲುಬು ಹೆಚ್ಚಿದ್ದರೆ ಹಾಲಿಗೆ, ಹೊರೆಗೆ, ದುಡಿಮೆಗೆ ಉಳಿಸಿಕೊಂಡಿದ್ದರು ಎಂದಾಗುತ್ತದೆ. ಹೊರೆ ಎಳೆದ ಎತ್ತಿನ ಕಾಲಿನ ಕೀಲುಗಳಲ್ಲಿ ಎಲುಬು ಬೆಳೆದು ಗಂಟುಗಟ್ಟಿರುವುದೂ ಉಂಟು. ದಿನವೂ ಕೊಟ್ಟಿಗೆಗಳಲ್ಲಿ ದನದ ಬಾಯಿ ತೆರೆದು ಹಲ್ಲು ನೋಡಿದವರಿಗೆ, ಕುಂಟುವ ಎತ್ತಿನ ಕೀಲು ಒತ್ತಿ ನೋಡಿದವರಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಕುದುರೆಯ ವಿಷಯ ಬೇರೆ. ದನ, ಕುರಿ, ಮೇಕೆಗಳ ಗೊರಸು ಸೀಳಿದ್ದು, ಕುದುರೆಯದು ಒಂಟಿ ಗೊರಸು. ಹಾಗಾಗಿ ಕಾಲಿನ ಕೆಳತುದಿಯ ಎಲುಬುಗಳಿಂದಲೇ ಕುದುರೆಯ ಕುಲವನ್ನು ಬೇರ್ಪಡಿಸಬಹುದು. ಕತ್ತೆಯೂ ಅದೇ ಕುಲದ್ದಾದ್ದರಿಂದ ಅಲ್ಲಿ ತೊಡಕು ಬರುತ್ತದೆ. ಎರಡನ್ನೂ ಬಿಡಿಸಲು ಎಲುಬಿನ ಅಳತೆ ನೋಡಬೇಕು, ದವಡೆ ಹಲ್ಲಿನ ಮೇಲೆ ದಂತಕವಚ ಬರೆದ ಸುರುಳಿಗೆರೆಗಳನ್ನು ಹೋಲಿಸಬೇಕು. ಹಳ್ಳೂರಿನ ಎಲುಬುಗಳಲ್ಲಿ ಕೆಲವು ಸಾಕಿದ ಕುದುರೆಯವೆಂದು ಆಲೂರರು ಬರೆದರು.

ಆ ಒಂದು ಮಾತು ವಿದ್ವಾಂಸರ ನಡುವೆ ದೊಡ್ಡ ಚರ್ಚೆ ಎಬ್ಬಿಸಿತು. ಭಾರತಕ್ಕೆ ಕುದುರೆ ಬಂದದ್ದು ಆರ್ಯರ ಜೊತೆ, ಅದೂ ಉತ್ತರದಿಂದ, ಕ್ರಿ.ಪೂ. 1500ರ ಸುಮಾರಿಗೆ ಎಂಬ ವಾದ ಆಗ ಬಲವಾಗಿತ್ತು. ಹಾಗಿದ್ದರೆ ಹೆಚ್ಚುಕಡಿಮೆ ಅದೇ ಕಾಲದ ತುಂಗಭದ್ರೆಯ ದಂಡೆಯ ರೈತರ ಊರಿಗೆ ಕುದುರೆ ಹೇಗೆ ಬಂತು? ಗುರುತಿಸಿದ್ದೇ ತಪ್ಪಿರಬೇಕು ಎಂದವರಿದ್ದರು. ಇನ್ನು ಕೆಲವರು ಇದೇ ಎಲುಬುಗಳನ್ನು ಹಿಡಿದು ಹಳೆಯ ವಾದವನ್ನೇ ಕೆಡವಲು ಹೊರಟರು. ಆಲೂರರು ಮಾತ್ರ ತಾವು ಬರೆದದ್ದರಿಂದ ಹಿಂದೆ ಸರಿಯಲಿಲ್ಲ. ಭಾರತದಲ್ಲಿ ಕುದುರೆಯ ಪ್ರಾಚೀನತೆ ಕುರಿತ ಬರಹಗಳಲ್ಲಿ ಹಳ್ಳೂರಿನ ಹೆಸರು ಇಂದಿಗೂ ಬರುತ್ತದೆ. ಕೆಲವು ಎಲುಬಿನ ಚೂರುಗಳ ಮೇಲೆ ಇಡೀ ದೇಶದ ಚರಿತ್ರೆ ಹೊರಿಸುವುದು ಭಾರವೇ. ಆದರೆ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದು, ಅದಕ್ಕೆ ಬದ್ಧನಾಗಿ ನಿಂತ ದನದ ಡಾಕ್ಟರ ನಿಷ್ಠೆ ನನಗೆ ದೊಡ್ಡದಾಗಿ ಕಾಣುತ್ತದೆ.

ಹೊಳೆದಂಡೆಯ ಮನೆಗಳು

ಕುದುರೆಯ ಗದ್ದಲದಲ್ಲಿ ಊರೇ ಮರೆಯಾಗಬಾರದು. ಹಳ್ಳೂರಿನಲ್ಲಿ ಜನ ನೆಲೆಸಿದ್ದು ಇಂದಿಗೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ. ಅವರ ಮನೆಗಳು ದುಂಡಗಿದ್ದವು. ಪದರುಗಲ್ಲಿನ ಚಕ್ಕೆಗಳನ್ನು ಹಾಸಿ, ಬಡಿದು ಗಟ್ಟಿಮಾಡಿ, ಮೇಲೆ ಹೊಳೆಯ ಮರಳು ಹರಡಿ ನೆಲ ಮಾಡಿಕೊಂಡಿದ್ದರು. ಒಳಗೆ ಒಲೆ, ಸುತ್ತ ಮಡಕೆಗಳು. ಮೊದಮೊದಲು ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿ, ಸಣ್ಣ ಕಲ್ಲಿನ ಅಲಗುಗಳೇ ಅವರ ಹತಾರ. ತಾಮ್ರ ಅವರ ಕೈಗೆ ಬಂದದ್ದು ಆಮೇಲೆ, ಅದೂ ಸ್ವಲ್ಪವೇ. ಇಂಥ ಕಲ್ಲಿನ ಕೊಡಲಿಗಳು ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಉಳುವಾಗ ಸಿಕ್ಕರೆ, ಸಿಡಿಲಿನ ಜೊತೆ ಬಿದ್ದ ಕಲ್ಲೆಂದು ತಂದು ಗುಡಿಯಲ್ಲಿಟ್ಟು ಪೂಜಿಸುವವರೂ ಇದ್ದಾರೆ.

ಎಳೆಗೂಸು ಸತ್ತರೆ ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಎರಡು ಮಡಕೆಗಳನ್ನು ಅಡ್ಡ ಮಲಗಿಸಿ, ಬಾಯಿಗೆ ಬಾಯಿ ಕೂಡಿಸಿ, ಮಗುವನ್ನು ಅದರೊಳಗೆ ಇಟ್ಟ ಸಮಾಧಿಗಳು ಹಳ್ಳೂರಿನಲ್ಲಿ ಸಿಕ್ಕಿವೆ. ಈ ಕಾಲದ ದಕ್ಷಿಣದ ಊರುಗಳಲ್ಲಿ ಮಕ್ಕಳನ್ನು ದೂರದ ಮಸಣಕ್ಕೆ ಒಯ್ಯದೆ, ಮನೆಗಳಿರುವ ಜಾಗದಲ್ಲಿಯೇ ಹೂಳುವ ರೂಢಿಯಿತ್ತು. ಲಿಪಿಯಿಲ್ಲದ ಆ ಜನ ತಮ್ಮ ದುಃಖವನ್ನು ಬರೆದಿಡಲಿಲ್ಲ. ಆದರೂ ಆ ಮಡಕೆಗಳನ್ನು ಜೋಡಿಸಿದ ರೀತಿಯಲ್ಲಿ ಅದು ತಿಳಿಯುತ್ತದೆ.

ಮೇಲಿನ ಪದರಗಳಲ್ಲಿ ಕಬ್ಬಿಣ ಬಂತು: ಬಾಣದ ತುದಿಗಳು, ಚೂರಿಯ ಅಲಗು. ಅವುಗಳ ಜೊತೆಗೆ ಕಪ್ಪು-ಕೆಂಪು ಮಡಕೆಗಳು. ಆ ಪದರದ ಇದ್ದಿಲನ್ನು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಕಾಲ ಕ್ರಿ.ಪೂ. 1000ದ ಸುಮಾರು ಎಂದು ಬಂತು. ಇದು ಯಾಕೆ ದೊಡ್ಡ ಸುದ್ದಿಯಾಯಿತೆಂದರೆ, 1947ರಲ್ಲಿ ಚಿತ್ರದುರ್ಗದ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವ್ಹೀಲರ್ ಅಲ್ಲಿನ ಬೃಹತ್ ಶಿಲಾಸಮಾಧಿಗಳ ಕಬ್ಬಿಣದ ಜನರನ್ನು ಕ್ರಿ.ಪೂ. 200ರ ಆಸುಪಾಸಿಗೆ ತಂದಿಟ್ಟಿದ್ದರು. ಹಳ್ಳೂರಿನ ಇದ್ದಿಲು ದಕ್ಷಿಣದ ಕಬ್ಬಿಣವನ್ನು ಒಂದೇ ಸಲಕ್ಕೆ ನೂರಾರು ವರ್ಷ ಹಿಂದಕ್ಕೆ ಒಯ್ದಿತು. ತಮಿಳುನಾಡಿನ ಶಿವಗಳೈಯ ಕಬ್ಬಿಣ ಇದಕ್ಕಿಂತಲೂ ಬಹಳ ಹಳೆಯದೆಂದು ಅಲ್ಲಿನ ಸರ್ಕಾರ 2025ರಲ್ಲಿ ಸಾರಿತು, ಆ ಚರ್ಚೆ ನಡೆದಿದೆ. ಆದರೂ ದಕ್ಷಿಣದ ಕಬ್ಬಿಣ ಹಳೆಯದೆಂಬ ಮಾತಿಗೆ ಪ್ರಯೋಗಶಾಲೆಯ ಪುರಾವೆ ಒದಗಿಸಿದ ಮೊದಮೊದಲ ಊರುಗಳಲ್ಲಿ ಹಳ್ಳೂರು ಒಂದು ಎಂಬುದನ್ನು ನಾವು ನೆನೆಯಬೇಕು.

ಕರಕಾದ ಕಾಳು

ನಾಗರಾಜರಾವ್ ಅವರ ನಂತರವೂ ಹಳ್ಳೂರಿಗೆ ವಿದ್ವಾಂಸರು ಬಂದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಅವರ ಜೊತೆಯವರು ಈ ಭಾಗದ ಪ್ರಾಚೀನ ಊರುಗಳ ಕಾಳುಗಳ ಬೆನ್ನು ಹತ್ತಿದರು. ಕೆಲಸ ಸರಳ, ತಾಳ್ಮೆ ಬೇಕು ಅಷ್ಟೇ. ಪದರದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಮಣ್ಣು ತಳಕ್ಕಿಳಿಯುತ್ತದೆ, ಒಲೆಯಲ್ಲಿ ಸುಟ್ಟು ಕರಕಾದ ಕಾಳು ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ನೋಡುವುದು.

ಹಾಗೆ ಕಂಡವು ಹುರುಳಿ, ಹೆಸರು, ಕೊರಲೆ, ನವಣೆಯ ಬಳಗದ ಒಂದು ಹುಲ್ಲಿನ ಕಾಳು. ದಕ್ಷಿಣದ ಮೊದಲ ರೈತರ ಮುಖ್ಯ ಆಹಾರ ಇದೇ. ಮಳೆಗಾಲದ ಈ ಬೆಳೆಗಳನ್ನು ಇಲ್ಲಿಯ ಜನರೇ ಕಾಡಿನಿಂದ ಹೊಲಕ್ಕೆ ತಂದು ಪಳಗಿಸಿದರೆಂದು ಈ ವಿದ್ವಾಂಸರು ವಾದಿಸುತ್ತಾರೆ. ಗೋಧಿ, ಭತ್ತಗಳನ್ನಷ್ಟೇ ಬೇಸಾಯದ ಮೂಲವೆಂದು ಪಾಠ ಕಲಿತ ನಮಗೆ ಇದು ಹೊಸ ಪಾಠ. ಹುರುಳಿಯ ಕಟ್ಟಿನ ಸಾರು ನಮ್ಮ ಅಡುಗೆಮನೆಯಲ್ಲಿ ಯಾವ ರಾಜವಂಶಕ್ಕಿಂತಲೂ ಹಳೆಯ ಕಾಳಿನದು.

ಅವರೆ, ಸಜ್ಜೆ ಆಫ್ರಿಕಾದ ಮೂಲದವು. ಅವೂ ಹಳ್ಳೂರನ್ನು ಮುಟ್ಟಿದ್ದವು. ಸವಣೂರಿನ ಮಠದ ಆವರಣದಲ್ಲಿ ಆನೆಗಾತ್ರದ ‘ದೊಡ್ಡ ಹುಣಸೆ’ (ಬಾವೊಬಾಬ್) ಮರಗಳನ್ನು ಕಂಡು ಆಫ್ರಿಕಾದ ಮರ ಇಲ್ಲಿಗೆ ಹೇಗೆ ಬಂತೆಂದು ಬೆರಗಾಗುತ್ತೇವೆ. ಆದರೆ ಆಫ್ರಿಕಾದ ಕಾಳು ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಇದೇ ಜಿಲ್ಲೆಯ ಹೊಳೆದಂಡೆಗೆ ಬಂದಿತ್ತು. ಹತ್ತಿಯ ಬೀಜವೂ ಹಳ್ಳೂರಿನ ಮೇಲಿನ ಪದರಗಳಲ್ಲಿ ಸಿಕ್ಕಿದೆ. ಹತ್ತಿ ಬೆಳೆಯುವ ಹಾವೇರಿ ಜಿಲ್ಲೆಯ ರೈತರಿಗೆ ಇದು ಹೆಮ್ಮೆಯ ಮಾತು.

ಹೆಸರುಳ್ಳವರು, ಹೆಸರಿಲ್ಲದವರು

ಹಾವೇರಿ ಜಿಲ್ಲೆಯಲ್ಲಿ ಚರಿತ್ರೆಗೆ ಕೊರತೆಯಿಲ್ಲ. ಹಾನಗಲ್ಲಿನಲ್ಲಿ ತಾರಕೇಶ್ವರ ಗುಡಿಯ ಚಾವಣಿಯ ಭುವನೇಶ್ವರಿ ಇದೆ, ಹೊಯ್ಸಳ ವೀರಬಲ್ಲಾಳನ ಮುತ್ತಿಗೆಯ ನೆನಪಿದೆ. ಪಾಂಡವರು ಅಜ್ಞಾತವಾಸ ಕಳೆದ ವಿರಾಟನ ಊರು ಇದೇ ಎನ್ನುವ ಹಿರಿಯರು ಕುಂತಿಯ ದಿಬ್ಬವನ್ನು ತೋರಿಸುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ ಅರವತ್ತು ಕಂಬದ ಗುಡಿಯಿದೆ. ಗುಣಭದ್ರನ ಉತ್ತರಪುರಾಣ ಪೂಜೆಗೊಂಡದ್ದು ಕ್ರಿ.ಶ. 898ರಲ್ಲಿ, ಅದೇ ಊರಿನಲ್ಲಿ. ಹಿರೇಕೆರೂರಿನ ಅಬ್ಬಲೂರು ಶಿವಶರಣ ಏಕಾಂತದ ರಾಮಯ್ಯನ ಪವಾಡದ ಊರು. ಶಾಸನ, ವೀರಗಲ್ಲು, ಗುಡಿಯ ಗೋಡೆ ಎಲ್ಲೆಲ್ಲೂ ಹೆಸರುಗಳಿವೆ. ಹಳ್ಳೂರಿನವರು ಒಂದು ಹೆಸರನ್ನೂ ಬಿಟ್ಟುಹೋಗಲಿಲ್ಲ. ಪ್ರವಾಸದ ಪಟ್ಟಿಗಳಲ್ಲಿ ಅವರ ಊರು ಕಾಣದಿರಲು ಅದೂ ಒಂದು ಕಾರಣವಿರಬೇಕು. ಕಲ್ಲಿನ ಗುಡಿ ಕಣ್ಣಿಗೆ ಹೊಡೆಯುತ್ತದೆ, ಮಣ್ಣಿನ ದಿಬ್ಬ ಬರೀ ದಿಬ್ಬವಾಗಿ ಕಾಣುತ್ತದೆ.

ಹಾಗಾಗಿಯೇ ಇಂಥ ನೆಲೆಗಳು ಬೇಗ ಸವೆಯುತ್ತವೆ. ಹಳೆಯ ದಿಬ್ಬದ ಬೂದಿಮಣ್ಣು ಒಳ್ಳೆಯ ಗೊಬ್ಬರವೆಂದು ಹೊಲಕ್ಕೆ ಹೇರುವ ರೂಢಿ ನಮ್ಮ ಸೀಮೆಗಳಲ್ಲಿ ಹಳೆಯದು. ಹೊಳೆ ಉಕ್ಕಿದಾಗಲೆಲ್ಲ ದಂಡೆಯನ್ನು ಕೊರೆಯುತ್ತದೆ. ರೈತರನ್ನು ದೂರಿ ಉಪಯೋಗವಿಲ್ಲ. ತಮ್ಮ ಕಾಲಕೆಳಗೆ ಏನಿದೆಯೆಂದು ಅವರಿಗೆ ಅವರದೇ ಮಾತಿನಲ್ಲಿ ಹೇಳಬೇಕಾದ್ದು ಓದಿದವರ ಕೆಲಸ. ಜಿಲ್ಲೆಯ ಶಾಲೆಗಳು ಹಂಪಿಗೆ ಬಸ್ಸು ಹೂಡುವ ಮೊದಲು ಒಂದು ದಿನ ಹಳ್ಳೂರಿಗೂ ಹೋಗಲಿ. ಕಲ್ಲಿನ ಕೊಡಲಿಯ ಪಡಿಯಚ್ಚು, ದನದ ಕವಲೆಲುಬಿನ ಚಿತ್ರ, ಒಂದು ಹಿಡಿ ಹುರುಳಿ, ಒಂದು ಹಿಡಿ ಕೊರಲೆ ಇಟ್ಟ ಒಂದು ಸಣ್ಣ ಕೋಣೆ ಆ ಕಡೆಯ ಯಾವುದಾದರೂ ಶಾಲೆಯಲ್ಲಿ ಆಗಲಿ. ಇದಕ್ಕೆ ಬೇಕಾದದ್ದು ಹಣಕ್ಕಿಂತ ಮನಸ್ಸು.

ಇನ್ನೊಂದು ಕೆಲಸಕ್ಕೆ ಮಾತ್ರ ಸಮಯ ಉಳಿದಿಲ್ಲ. ಅಗೆತವೆಂಬುದು ಊರಿನ ಕೂಲಿಯವರಿಲ್ಲದೆ ಆಗುವಂಥದ್ದಲ್ಲ. ಗುದ್ದಲಿ ಹಿಡಿದವರು, ಬುಟ್ಟಿ ಹೊತ್ತವರು, ಮಣ್ಣು ಜರಡಿ ಹಿಡಿದವರು ಅವರೇ. 1965ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು ತುಂಬಿದೆ. ಮೊದಲ ಮಡಕೆ ಕಂಡಾಗ ಊರಿನವರು ಏನೆಂದುಕೊಂಡರು, ಮಕ್ಕಳ ಎಲುಬು ಸಿಕ್ಕಾಗ ಕೆಲಸಕ್ಕಿದ್ದ ಹೆಣ್ಣುಮಕ್ಕಳು ಏನೆಂದರು ಎಂಬುದನ್ನು ಕೇಳಿ ಬರೆದುಕೊಳ್ಳುವವರು ಈಗಲೇ ಹೋಗಬೇಕು. ನಾಲ್ಕು ಸಾವಿರ ವರ್ಷದ ಕಾಳನ್ನು ಮಣ್ಣು ಕಾಪಾಡಿಕೊಟ್ಟಿತು. ಅರವತ್ತು ವರ್ಷದ ಹಿಂದಿನ ಮಾತನ್ನು ಮನುಷ್ಯರೇ ಕಾಪಾಡಬೇಕು, ಅದನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.