ಅಳತೆಯ ದುಡ್ಡಿಗೆ ಆಟದ ಕಂಪ್ಯೂಟರ್

ಪಿಯುಸಿ ಫಲಿತಾಂಶ ಬಂದು ಕಾಲೇಜಿನ ಸೀಟು ಖಾತ್ರಿಯಾಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಂದು ಮಾತುಕತೆ ಶುರುವಾಗುತ್ತದೆ. ‘ಓದೋಕೆ ಒಂದು ಕಂಪ್ಯೂಟರ್ ಕೊಡ್ಸಪ್ಪಾ’ ಎಂದು ಮಗನೋ ಮಗಳೋ ಕೇಳುತ್ತಾರೆ. ಓದಿನ ಬೆನ್ನಿಗೆ ಆಟವೂ ಅಡಗಿ ಕೂತಿದೆ ಎಂಬುದು ಅಪ್ಪನಿಗೆ ಗೊತ್ತು. ಅಪ್ಪನಿಗೆ ಗೊತ್ತಿದೆ ಎಂಬುದು ಮಕ್ಕಳಿಗೂ ಗೊತ್ತು. ಇಬ್ಬರಿಗೂ ಗೊತ್ತಿಲ್ಲದಿರುವುದು ಒಂದೇ: ಕೈಯಲ್ಲಿರುವ ದುಡ್ಡಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು. ಅಂಗಡಿಯವನಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಪೆಟ್ಟು ಬೀಳುವುದು ಅಲ್ಲಿಯೇ.

ಆಟದ ಕಂಪ್ಯೂಟರ್ ಎಂದರೆ ಬೇರೆ ಜಾತಿಯ ಯಂತ್ರವೇನಲ್ಲ. ಪ್ರೋಗ್ರಾಮ್ ಬರೆಯಲು, ನಕ್ಷೆ ಬಿಡಿಸಲು, ವಿಡಿಯೊ ಕತ್ತರಿಸಿ ಜೋಡಿಸಲು ಬೇಕಾದ ಯಂತ್ರವೇ ಅದು. ವ್ಯತ್ಯಾಸ ಇರುವುದು ಚಿತ್ರ ಬಿಡಿಸುವ ಶಕ್ತಿಯಲ್ಲಿ. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080ರಂತೆ ಒಟ್ಟು 20,73,600 ಚುಕ್ಕಿಗಳಿರುತ್ತವೆ. ಆಟ ಮುಗ್ಗರಿಸದೆ ಸಾಗಬೇಕಾದರೆ ಸೆಕೆಂಡಿಗೆ 60 ಬಾರಿ ಈ ಚಿತ್ರವನ್ನು ಹೊಸದಾಗಿ ಬಿಡಿಸಬೇಕು. ಅಂದರೆ ಸೆಕೆಂಡಿಗೆ ಸುಮಾರು 12 ಕೋಟಿ ಚುಕ್ಕಿಗಳಿಗೆ ಬಣ್ಣ ಹಚ್ಚಬೇಕು. ‘4ಕೆ’ ಪರದೆಯಾದರೆ ಇದರ ನಾಲ್ಕು ಪಟ್ಟು ಕೆಲಸ. ಅದೇ 1280×720ಕ್ಕೆ ಇಳಿಸಿಕೊಂಡರೆ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಮೊದಲ ಉಳಿತಾಯ ಅಂಗಡಿಯಲ್ಲಲ್ಲ, ಆಸೆಯಲ್ಲಿ. ಸಾಧಾರಣ 1080 ಗೆರೆಯ ಮಾನಿಟರ್ ಸಾಕು ಎಂದು ಒಪ್ಪಿಕೊಂಡ ಕ್ಷಣವೇ ಖರ್ಚು ಬಹಳಷ್ಟು ತಗ್ಗುತ್ತದೆ.

ಸ್ಟಿಕ್ಕರಿಗೆ ಮರುಳಾಗಬೇಡಿ

‘ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್’ ಎಂದು ಕೆಂಪು, ನೀಲಿ ದೀಪ ಮಿನುಗುವ ಕ್ಯಾಬಿನೆಟ್ಟುಗಳು ಅಗ್ಗದ ದರಕ್ಕೆ ಕಣ್ಣಿಗೆ ಬೀಳುತ್ತವೆ. ಐ3ಗಿಂತ ಐ7 ದೊಡ್ಡದು ತಾನೇ ಎಂದು ತಂದೆತಾಯಿ ಅಂದುಕೊಳ್ಳುವುದು ಸಹಜ. ಆದರೆ ನೋಡಬೇಕಾದದ್ದು ಅದರ ಮುಂದಿನ ಸಂಖ್ಯೆಯನ್ನು. ಕೋರ್ ಐ7-2600 ಎಂದರೆ 2011ರಲ್ಲಿ ಬಂದ ಎರಡನೆಯ ತಲೆಮಾರಿನ ಪ್ರೊಸೆಸರ್. ಕೋರ್ ಐ3-12100 ಎಂದರೆ 2022ರ ಆರಂಭದಲ್ಲಿ ಬಂದ ಹನ್ನೆರಡನೆಯ ತಲೆಮಾರು. ಎರಡರಲ್ಲೂ ಇರುವುದು ನಾಲ್ಕೇ ಕೋರ್. ಆದರೂ ಆ ಹಳೆಯ ಐ7 ಈ ಐ3ರ ಹತ್ತಿರಕ್ಕೂ ಸುಳಿಯಲಾರದು. ಹತ್ತು ವರ್ಷ ಹಳೆಯ ಎಂಜಿನ್ನಿಗೆ ಹೊಸ ಬಣ್ಣ ಬಳಿದು ಮಾರಿದಂತೆ ಈ ವ್ಯಾಪಾರ.

ಇಷ್ಟು ಹಳೆಯದಕ್ಕೆ ಇನ್ನೊಂದು ತೊಡಕೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಂಟನೆಯ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರುಗಳನ್ನು ವಿಂಡೋಸ್ 11 ಬಹುಮಟ್ಟಿಗೆ ಅಧಿಕೃತವಾಗಿ ಒಪ್ಪುವುದಿಲ್ಲ. ಹುಡುಗರು ಮುಗಿಬಿದ್ದು ಆಡುವ ‘ವ್ಯಾಲೊರೆಂಟ್’ ಉಚಿತವೇ ಹೌದು. ಆದರೆ ವಿಂಡೋಸ್ 11ರಲ್ಲಿ ಅದು ನಡೆಯಬೇಕಾದರೆ ಮದರ್‌ಬೋರ್ಡಿನಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳು ಇರಲೇಬೇಕು.

‘4 ಜಿಬಿ ಗ್ರಾಫಿಕ್ಸ್’ ಎಂಬ ಮಾತೂ ಅಷ್ಟೇ. ಜಿಬಿ ಎಂಬುದು ತೊಟ್ಟಿಯ ಅಳತೆ. ನೀರು ಎಷ್ಟು ಬೇಗ ಬರುತ್ತದೆ ಎಂಬುದನ್ನು ಹೇಳುವುದು ನಲ್ಲಿ. 2014ರ ಜಿಟಿ 730 ಕಾರ್ಡಿನ 64 ಬಿಟ್ ಡಿಡಿಆರ್3 ಮಾದರಿಯ ಮೆಮೊರಿ ಸೆಕೆಂಡಿಗೆ ಸಾಗಿಸುವುದು ಸುಮಾರು 14 ಜಿಬಿ ಮಾಹಿತಿ. 2019ರಲ್ಲಿ ಬಂದ ಜಿಟಿಎಕ್ಸ್ 1650 ಸಾಗಿಸುವುದು 128 ಜಿಬಿ. ಎರಡರ ಡಬ್ಬಿಯ ಮೇಲೂ ‘4 ಜಿಬಿ’ ಎಂದೇ ಬರೆದಿರಬಹುದು!

ಎರಡು ಕಂತಿನ ಕಟ್ಟೋಣ

ನಮ್ಮ ಊರುಗಳಲ್ಲಿ ಮನೆ ಕಟ್ಟುವವರನ್ನು ನೋಡಿ. ದುಡ್ಡು ಒಂದೇ ಮಹಡಿಗೆ ಸಾಲುವಷ್ಟಿದ್ದರೆ ಅಷ್ಟನ್ನೇ ಕಟ್ಟಿ, ತಾರಸಿಯ ಮೇಲೆ ಕಂಬಗಳ ಕಬ್ಬಿಣದ ಸರಳುಗಳನ್ನು ಹೊರಗೆ ಬಿಟ್ಟಿರುತ್ತಾರೆ. ಮುಂದೆ ಅನುಕೂಲವಾದಾಗ ಮೇಲಿನ ಮಹಡಿ. ಆದರೆ ತಳಪಾಯವನ್ನು ಎರಡು ಮಹಡಿಯ ಭಾರಕ್ಕೇ ಹಾಕಿರುತ್ತಾರೆ. ಬಿಗಿ ಜೇಬಿನವರು ಕಂಪ್ಯೂಟರ್ ಕಟ್ಟಬೇಕಾದ ರೀತಿಯೂ ಇದೇ. ಗ್ರಾಫಿಕ್ಸ್ ಕಾರ್ಡ್ ಮೇಲಿನ ಮಹಡಿ, ಅದು ನಂತರ ಬರಲಿ. ಉಳಿದದ್ದು ತಳಪಾಯ.

ಕಾರ್ಡಿಲ್ಲದೆ ಆಟ ಹೇಗೆ? ಪ್ರೊಸೆಸರಿನೊಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಶಕ್ತಿ ಇರುವ ಮಾದರಿಗಳಿವೆ. ಎಎಂಡಿ ಕಂಪನಿ 2021ರಲ್ಲಿ ತಂದ ರೈಜನ್ 5 5600ಜಿ ಇದಕ್ಕೆ ಒಳ್ಳೆಯ ಉದಾಹರಣೆ. ಆರು ಕೋರುಗಳ ಈ ಪ್ರೊಸೆಸರಿನಲ್ಲಿ ವ್ಯಾಲೊರೆಂಟ್, ಡೋಟಾ 2ರಂಥ ಆಟಗಳನ್ನು ಚಿತ್ರದ ಸೊಗಸು ಸ್ವಲ್ಪ ತಗ್ಗಿಸಿಕೊಂಡು ಧಾರಾಳವಾಗಿ ಆಡಬಹುದು. ಇಂಜಿನಿಯರಿಂಗ್ ಓದಿನ ಕೆಲಸಗಳಿಗಂತೂ ಸಾಕಷ್ಟಾಯಿತು. ಹೆಸರಿನ ಕೊನೆಯ ಅಕ್ಷರವನ್ನು ಮಾತ್ರ ಮರೆಯದೆ ನೋಡಿ. ‘ಜಿ’ ಇಲ್ಲದ ರೈಜನ್ 5 5600ರಲ್ಲಿ, ‘ಎಫ್’ ಇರುವ ಐ3-12100ಎಫ್‌ನಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ. ಕಾರ್ಡ್ ಹಾಕದಿದ್ದರೆ ಪರದೆ ಬೆಳಗುವುದಿಲ್ಲ.

ಇಂಥ ಪ್ರೊಸೆಸರಿಗೆ ತನ್ನದೇ ಆದ ಗ್ರಾಫಿಕ್ಸ್ ಮೆಮೊರಿ ಇರುವುದಿಲ್ಲ, ಕಂಪ್ಯೂಟರಿನ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಡಿಡಿಆರ್4-3200 ರ‍್ಯಾಮ್ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ 25.6 ಜಿಬಿ ಹರಿಯುತ್ತದೆ. ಎರಡು ಸ್ಟಿಕ್‌ಗಳನ್ನು ಸರಿಯಾದ ಸ್ಲಾಟುಗಳಲ್ಲಿ ಕೂರಿಸಿದರೆ 51.2 ಜಿಬಿ. ಎರಡೂ ಸೇರಿ ಒಂದೇ ಅಳತೆಯಾದರೂ 16 ಜಿಬಿಯ ಒಂದಕ್ಕಿಂತ 8 ಜಿಬಿಯ ಎರಡು ಮೇಲು. ಈ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟೋ ಯಂತ್ರಗಳು ಅರ್ಧ ಶಕ್ತಿಯಲ್ಲಿ ಕುಂಟುತ್ತಿವೆ.

ರ‍್ಯಾಮ್ ಈಗ ಅಗ್ಗದ ಮಾತಲ್ಲ ಎಂಬುದೂ ನಿಜ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತಿಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ವಿಪರೀತ ಏರಿತು. ‘ಕ್ರೂಶಿಯಲ್’ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ, ಆ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಹಾಗಾಗಿ ಇಲ್ಲಿ ರೂಪಾಯಿ ಲೆಕ್ಕ ಕೊಟ್ಟರೆ ಪತ್ರಿಕೆ ಹಳೆಯದಾಗುವ ಮೊದಲೇ ಲೆಕ್ಕ ಹಳೆಯದಾದೀತು. ದುಡ್ಡು ಸಾಲದಿದ್ದರೆ ಬಳಸಿದ ರ‍್ಯಾಮ್ ಕೊಳ್ಳಲು ಅಂಜಬೇಕಿಲ್ಲ. ಸವೆಯುವ ಭಾಗವಿಲ್ಲದ ವಸ್ತು ಅದು. ಪರೀಕ್ಷಿಸಿ ತೋರಿಸಿ ಎಂದು ಕೇಳಿ ಕೊಂಡರೆ ಸಾಕು.

ತಳಪಾಯದ ಇನ್ನೊಂದು ಕಲ್ಲು ಎಸ್‌ಎಂಪಿಎಸ್, ಅಂದರೆ ಕರೆಂಟು ಹಂಚುವ ಡಬ್ಬಿ. ಉಳಿತಾಯದ ಕತ್ತರಿ ಮೊದಲು ಬೀಳುವುದು ಇದರ ಮೇಲೆ. ಕ್ಯಾಬಿನೆಟ್ ಜೊತೆಗೇ ‘450 ವಾಟ್’ ಎಂದು ಬರೆದದ್ದೊಂದು ಪುಕ್ಕಟೆ ಬರುತ್ತದಲ್ಲ ಎನ್ನುತ್ತಾರೆ. ಅದರ ಪಕ್ಕದ ಚೀಟಿ ಓದಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ನಡೆಯುವುದು 12 ವೋಲ್ಟ್ ಸಾಲಿನಿಂದ. ಅಲ್ಲಿ 16 ಆಂಪಿಯರ್ ಎಂದಿದ್ದರೆ ಸಿಗುವುದು 192 ವಾಟ್ ಮಾತ್ರ. ವೋಲ್ಟೇಜ್ ಏರುಪೇರಾಗುವ ಊರಿನಲ್ಲಿ ಕಳಪೆ ಡಬ್ಬಿ ಕೈಕೊಟ್ಟರೆ ತಾನೊಂದೇ ಹೋಗುವುದಿಲ್ಲ, ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ‘80 ಪ್ಲಸ್’ ಪ್ರಮಾಣಪತ್ರವಿರುವ, ಹೆಸರುಳ್ಳ ಕಂಪನಿಯ ಎಸ್‌ಎಂಪಿಎಸ್ ಒಂದನ್ನು ಈಗಲೇ ಕೊಂಡರೆ ಮುಂದಿನ ಕಾರ್ಡಿಗೂ ಅದೇ ನಡೆಯುತ್ತದೆ. ಯುಪಿಎಸ್ ಕೊಳ್ಳುವಾಗಲೂ ಎಚ್ಚರ ಬೇಕು. ‘600 ವಿಎ’ ಎಂದು ಬರೆದದ್ದು ಹೊರುವ ಭಾರ 600 ವಾಟ್ ಅಲ್ಲ, ಹೆಚ್ಚಿನವು 360 ವಾಟ್ ಆಸುಪಾಸು.

ಕಚೇರಿಯಿಂದ ಇಳಿದ ಪೆಟ್ಟಿಗೆ

ಇಷ್ಟಕ್ಕೂ ದುಡ್ಡು ಸಾಲದವರಿಗೆ ಇನ್ನೊಂದು ದಾರಿ ಇದೆ. ಬೆಂಗಳೂರಿನಂಥ ನಗರಗಳ ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ತಮ್ಮ ಕಂಪ್ಯೂಟರುಗಳನ್ನು ಸಾಮೂಹಿಕವಾಗಿ ಬದಲಾಯಿಸುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಮುಂತಾದ ಈ ಗಟ್ಟಿ ಪೆಟ್ಟಿಗೆಗಳು ಆಮೇಲೆ ಸಾದರ್ ಪತ್ರಪ್ಪ ರಸ್ತೆಯಂಥ ಮಾರುಕಟ್ಟೆಗೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡಿಗೆ, ಬರುತ್ತವೆ. ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನೇ ಕೇಳಿ. 2018ರ ಕೋರ್ ಐ5-8500 ಆರು ಕೋರುಗಳದ್ದು, ವಿಂಡೋಸ್ 11ಕ್ಕೂ ಅರ್ಹ. ಜಿಟಿಎಕ್ಸ್ 1650 ಎಳೆಯುವುದು 75 ವಾಟ್. ಅದರ ಹಲವು ಮಾದರಿಗಳಿಗೆ ಬೇರೆ ಕರೆಂಟು ತಂತಿ ಬೇಡ, ಸ್ಲಾಟಿನಿಂದಲೇ ಸಾಕು. ಹೀಗಾಗಿ ಇಂಥ ಪೆಟ್ಟಿಗೆಗಳಿಗೆ ಅದು ಒಳ್ಳೆಯ ಜೋಡಿ. ಕೊಳ್ಳುವ ಮೊದಲು ಪೆಟ್ಟಿಗೆಯ ಗಾತ್ರ ನೋಡಿ. ಸಣ್ಣ ಪೆಟ್ಟಿಗೆಯಲ್ಲಿ ಗಿಡ್ಡ ಕಾರ್ಡು ಮಾತ್ರ ಕೂರುತ್ತದೆ. ಇವುಗಳ ಎಸ್‌ಎಂಪಿಎಸ್ ಹಲವು ವೇಳೆ ಕಂಪನಿಯದೇ ಆಕಾರದ್ದಾಗಿದ್ದು, ಮುಂದೆ ದೊಡ್ಡ ಕಾರ್ಡಿಗೆಂದು ಬದಲಿಸುವುದು ಕಷ್ಟ. ಈ ಮನೆಗೆ ಒಂದೂವರೆ ಮಹಡಿಯೇ ಮಿತಿ ಎಂದು ತಿಳಿದೇ ಕೊಳ್ಳಿ.

ಬಳಸಿದ ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಎಥೀರಿಯಂ ಎಂಬ ಡಿಜಿಟಲ್ ಹಣದ ಲೆಕ್ಕ ಬಿಡಿಸಲು ಲೋಕದಾದ್ಯಂತ ಅಸಂಖ್ಯಾತ ಕಾರ್ಡುಗಳು ಹಗಲಿರುಳು ಉರಿಯುತ್ತಿದ್ದವು. 2022ರ ಸೆಪ್ಟೆಂಬರ್ 15ರಂದು ಆ ಪದ್ಧತಿ ನಿಂತು, ಅಂಥ ಕಾರ್ಡುಗಳು ಹಳೆಯ ಸಾಮಾನಿನ ಪೇಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ. ಕಣ್ಣೆದುರೇ ಅರ್ಧ ಗಂಟೆ ಭಾರದ ಆಟ ಓಡಿಸಿ, ಫ್ಯಾನುಗಳ ಸದ್ದು ಕೇಳಿ, ಪರದೆಯಲ್ಲಿ ಗೆರೆ ಚುಕ್ಕಿ ಮೂಡುತ್ತವೆಯೇ ನೋಡಿ. ಆರ್‌ಎಕ್ಸ್ 580 ಎಂದು ಕೊಟ್ಟರೆ ‘2048ಎಸ್‌ಪಿ’ ಎಂದಿದೆಯೇ ಗಮನಿಸಿ. ಅಸಲಿ 580ರಲ್ಲಿ ಲೆಕ್ಕ ಮಾಡುವ ಘಟಕಗಳು 2304, ಇದರಲ್ಲಿ 2048. ಹೆಸರು ಅದೇ, ಶಕ್ತಿ ಒಂದು ಮೆಟ್ಟಿಲು ಕೆಳಗೆ.

ಬಿಲ್ಲು ಮತ್ತು ಕರಾರು

‘ಬಿಲ್ ಬೇಡ ಅಂದ್ರೆ ಶೇ. 18 ಜಿಎಸ್‌ಟಿ ಉಳಿಯುತ್ತೆ ಸಾರ್’ ಎಂಬ ಮಾತಿಗೆ ತಲೆಯಾಡಿಸಬೇಡಿ. ಹೊಸ ಬಿಡಿಭಾಗಗಳಿಗೆ ಹಲವು ಕಂಪನಿಗಳು ಕೊಡುವ ಮೂರು ವರ್ಷದ ವಾರಂಟಿಗೆ ಆ ಕಾಗದವೇ ಆಧಾರ. ಪ್ರತಿ ಭಾಗದ ಪೂರ್ಣ ಮಾದರಿ ಹೆಸರು, ಸೀರಿಯಲ್ ಸಂಖ್ಯೆ ಬಿಲ್ಲಿನಲ್ಲಿರಲಿ. ವಿಂಡೋಸ್ ಪರವಾನಗಿ ದರದಲ್ಲಿ ಸೇರಿದೆಯೇ ಎಂದೂ ಕೇಳಿ. ಲಿನಕ್ಸ್ ಉಚಿತ, ಸ್ಟೀಮ್‌ನ ಹಲವಾರು ಆಟಗಳು ಅದರಲ್ಲೂ ನಡೆಯುತ್ತವೆ. ವ್ಯಾಲೊರೆಂಟ್ ಮಾತ್ರ ನಡೆಯುವುದಿಲ್ಲ. ಎಸ್‌ಎಸ್‌ಡಿ 500 ಜಿಬಿಗಿಂತ ಕಡಿಮೆ ಬೇಡ, ಈಗಿನ ದೊಡ್ಡ ಆಟವೊಂದು 100 ಜಿಬಿ ನುಂಗುವುದು ಸಾಮಾನ್ಯ. ಹಾಸ್ಟೆಲಿನಲ್ಲಿ ಇರುವವರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅವರಿಗೆ ಲ್ಯಾಪ್‌ಟಾಪೇ ಗತಿ, ಅದಕ್ಕೆ ಮೇಲಿನ ಮಹಡಿ ಕಟ್ಟಲಾಗದು.

ಎರಡು ಕಂತಿನ ಯೋಜನೆಯಲ್ಲಿ ಮನೆಯವರಿಗೆ ಒಂದು ಹೆಚ್ಚುವರಿ ಲಾಭವಿದೆ. ಮೊದಲ ಕಂತು ಓದಿನದು, ಅದನ್ನು ತಂದೆತಾಯಿ ಕೊಡಲಿ. ಎರಡನೆಯ ಕಂತು ಆಟದ್ದು. ಟ್ಯೂಷನ್ ಹೇಳಿಯೋ ಹಬ್ಬದ ಕಾಸು ಕೂಡಿಟ್ಟೋ ಮಕ್ಕಳೇ ಅದನ್ನು ಹೊಂದಿಸಲಿ. ವರ್ಷ ಕಳೆದ ಮೇಲೆ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ತಾವೇ ದುಡ್ಡು ಕೂಡಿಸಿ ತಂದ ಕಾರ್ಡನ್ನು ತಮ್ಮ ಕೈಯಾರೆ ಕೂರಿಸಿದವರು ಯಂತ್ರವನ್ನಷ್ಟೇ ಅಲ್ಲ, ದುಡ್ಡನ್ನೂ ಅರಿತಿರುತ್ತಾರೆ. ಅಂಗಡಿಗೆ ಹೊರಡುವ ಮುನ್ನ ಇಬ್ಬರೂ ಕೂತು ಒಂದು ಕಾಗದದ ಮೇಲೆ ಬೇಕಾದ ಭಾಗಗಳ ಹೆಸರು ಬರೆಯಿರಿ. ಕನಿಷ್ಠ ಮೂರು ಅಂಗಡಿಗಳಲ್ಲಿ ಆ ಚೀಟಿಯನ್ನೇ ತೋರಿಸಿ ದರ ಕೇಳಿ. ಚೀಟಿ ಬದಲಾಯಿಸಿ ಎನ್ನುವವನ ಹತ್ತಿರ ‘ಯಾಕೆ?’ ಎಂದು ಒಂದು ಪ್ರಶ್ನೆ ಕೇಳಿ. ಅವನ ಉತ್ತರ ಅರ್ಥವಾಗುವ ಹಾಗಿದ್ದರೆ ಮಾತ್ರ ಪರ್ಸು ತೆಗೆಯಿರಿ.