ಹೊಗೆಯೇಳುವ ಕಲ್ಲು, ಬೀದಿಯ ಆಟ: ಧರ್ಮಪುರಿಯ ಚೆಲುವು ಯಾರ ಕಣ್ಣಿಗೆ?

ಧರ್ಮಪುರಿಯೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬೆಂಗಳೂರು–ಸೇಲಂ ಹೆದ್ದಾರಿಯಲ್ಲಿ ಹಾದುಹೋಗುವ ಒಂದು ಊರು. ಹೆಚ್ಚೆಂದರೆ ಹೊಗೆನಕಲ್ ಜಲಪಾತಕ್ಕೆ ತಿರುಗಬೇಕಾದ ಕೈಕಂಬ. ಆದರೆ ಈ ಸಣ್ಣ ನಗರದ ಸುತ್ತ ನೋಡತಕ್ಕದ್ದು ಜಲಪಾತ ಒಂದೇ ಅಲ್ಲ. ಕಲ್ಲಿನಲ್ಲಿ ಕೆತ್ತಿದ್ದಿದೆ, ಮಾಡಿನಲ್ಲಿ ಬರೆದದ್ದಿದೆ, ಬೀದಿಯಲ್ಲಿ ಆಡುವುದಿದೆ. ಅವುಗಳ ನಡುನಡುವೆ ನಮ್ಮ ನುಡಿಯ ಗುರುತುಗಳೂ ಇವೆ. ಕಿಸೆಯಲ್ಲೊಂದು ಕ್ಯಾಮರಾ ಇಟ್ಟುಕೊಂಡೇ ಎಲ್ಲರೂ ಪ್ರವಾಸ ಹೊರಡುವ ಈ ಕಾಲದಲ್ಲಿ, ಅದನ್ನು ಯಾವ ಕಡೆಗೆ ತಿರುಗಿಸಬೇಕೆಂದು ಒಂದಿಷ್ಟು ಯೋಚಿಸುವುದು ಒಳ್ಳೆಯದು.

ಹೆಸರೇ ಸಾಕ್ಷಿ

ಧರ್ಮಪುರಿಯಿಂದ ಪೆನ್ನಾಗರಂ ದಾರಿಯಾಗಿ ಸುಮಾರು 46 ಕಿಲೋಮೀಟರು ಸಾಗಿದರೆ ಹೊಗೆನಕಲ್. ಕಾವೇರಿ ಇಲ್ಲಿ ಎರಡು ರಾಜ್ಯಗಳ ಗಡಿ. ಈಚೆಯ ದಡ ಧರ್ಮಪುರಿ ಜಿಲ್ಲೆ, ಆಚೆಯದು ನಮ್ಮ ಚಾಮರಾಜನಗರ. ಹೊಳೆ ಬಂಡೆಗಳ ನಡುವೆ ಹತ್ತಾರು ಕವಲಾಗಿ ಒಡೆದು ಧುಮುಕುತ್ತದೆ. ಬಿದ್ದ ನೀರಿನ ತುಂತುರು ಹೊಗೆಯಂತೆ ಮೇಲೇಳುತ್ತದೆ. ಹೊಗೆಯೇಳುವ ಕಲ್ಲು, ಆದ್ದರಿಂದ ಹೊಗೆನಕಲ್. ತಮಿಳಿನಲ್ಲಿ ಹೊಗೆಗೆ ‘ಪುಗೈ’ ಎನ್ನುತ್ತಾರೆ. ಆದರೂ ಅಲ್ಲಿಯ ಜನ ಹೆಸರನ್ನು ಬದಲಾಯಿಸದೆ ‘ಒಗೇನಕ್ಕಲ್’ ಎಂದು ತಮ್ಮ ನಾಲಗೆಗೆ ಒಗ್ಗಿಸಿಕೊಂಡಿದ್ದಾರೆ. ಊರ ಹೆಸರುಗಳ ಮೇಲೆ ಸದಾ ಒಂದು ಕಣ್ಣಿಟ್ಟಿರುವ ಗಡಿನಾಡಿನವರಾದ ನಮಗೆ ಇದು ಸಣ್ಣ ಸಂಗತಿಯಲ್ಲ.

ಬಿದಿರಿನ ದುಂಡನೆಯ ಹರಿಗೋಲಿನಲ್ಲಿ ಕುಳಿತು ಬಂಡೆಗಳ ಸಂದಿನಲ್ಲಿ ಸಾಗುವುದೇ ಇಲ್ಲಿಯ ಮುಖ್ಯ ಆಕರ್ಷಣೆ. ಕೊಡಗಿನಲ್ಲೂ ವಯನಾಡಿನಲ್ಲೂ ಮಳೆ ಜೋರಾಗಿ ಹೊಯ್ದು ಕಾವೇರಿ, ಕಬಿನಿಗಳ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಹರಿಗೋಲು ನಿಲ್ಲುತ್ತದೆ, ಸ್ನಾನಕ್ಕೂ ತಡೆ ಬೀಳುತ್ತದೆ. ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಲೇಸು. ಒಂದು ಚಿತ್ರದ ಆಸೆಗೆ ಪಾಚಿಗಟ್ಟಿದ ಬಂಡೆಯ ಅಂಚಿಗೆ ಹೋಗತಕ್ಕದ್ದಲ್ಲ.

ಈ ಹೊಳೆ ಅಂದಕ್ಕಷ್ಟೇ ಅಲ್ಲ, ಬಾಯಾರಿಕೆಗೂ ಬೇಕು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹೊಗೆನಕಲ್ಲಿನಿಂದ ಕುಡಿಯುವ ನೀರು ಒಯ್ಯುವ ಯೋಜನೆಯ ಬಗೆಗೆ 2008ರಲ್ಲಿ ಎರಡು ರಾಜ್ಯಗಳ ನಡುವೆ ಬಿಸಿ ಏರಿತ್ತು. 2013ರಲ್ಲಿ ಯೋಜನೆ ಆರಂಭವಾಯಿತು. ಇಂಥ ಬಿಸಿಯ ಝಳ ಮೊದಲು ತಟ್ಟುವುದು ಗಡಿಯ ಎರಡೂ ಬದಿಯ ಭಾಷಾ ಅಲ್ಪಸಂಖ್ಯಾತರಿಗೇ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಲಿನಲ್ಲಿ ಉಳಿದದ್ದು

ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಮ ಕಾಲದ ಅದಿಯಮಾನ್ ನೆಡುಮಾನ್ ಅಂಜಿಯ ರಾಜಧಾನಿ. ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿ ದೊರೆತಾಗ ಅದನ್ನು ತಾನು ತಿನ್ನದೆ ಕವಯಿತ್ರಿ ಅವ್ವೈಯಾರಿಗೆ ಕೊಟ್ಟ ದೊರೆಯೆಂದು ತಮಿಳರು ಇಂದಿಗೂ ಅವನನ್ನು ನೆನೆಯುತ್ತಾರೆ. ಮುಂದೆ ಒಂಬತ್ತನೆಯ ಶತಮಾನದಲ್ಲಿ ಇಲ್ಲಿ ಆಳಿದವರು ಹೇಮಾವತಿಯ ನೊಳಂಬರು. ಅವರ ಶಾಸನಗಳ ಭಾಷೆ ಕನ್ನಡ. ಶಕವರ್ಷ 815, ಅಂದರೆ ಕ್ರಿ.ಶ. 893ರ ಮಹೇಂದ್ರ ನೊಳಂಬನ ಕಾಲದ ಶಾಸನವೊಂದು ತಗಡೂರಿನ ಜೈನ ಬಸದಿಗೆ ಬಿಟ್ಟ ದತ್ತಿಯನ್ನು ಕನ್ನಡದಲ್ಲೇ ಹೇಳುತ್ತದೆ.

ಕೋಟೆ ಪ್ರದೇಶದಲ್ಲಿರುವ ಮಲ್ಲಿಕಾರ್ಜುನ, ಕಾಮಾಕ್ಷಿ ದೇವಾಲಯಗಳಲ್ಲಿ ಆ ಕಾಲದ ಶಿಲ್ಪವನ್ನು ಈಗಲೂ ಕಾಣಬಹುದು. ನೆಲಕ್ಕೆ ತಾಗದೆ ತೂಗುವ ಕಂಬದ ಅಡಿಯಲ್ಲಿ ಕಾಗದ ತೂರಿಸಿ ನೋಡಿ ಬೆರಗಾಗುವವರೇ ಬಹಳ. ಕಾಮಾಕ್ಷಿ ಗುಡಿಯ ಅಧಿಷ್ಠಾನದಲ್ಲಿ ಸಣ್ಣ ಸಣ್ಣದಾಗಿ ಕೆತ್ತಿದ ರಾಮಾಯಣದ ದೃಶ್ಯಗಳನ್ನು ಬಗ್ಗಿ ನೋಡುವವರು ಕಡಿಮೆ. ಸೇಲಂ ರಸ್ತೆಯ ಅದಿಯಮಾನ್ ಕೋಟೆಯಲ್ಲಿರುವ ಚೆನ್ನರಾಯ ಪೆರುಮಾಳ್ ಗುಡಿಯಲ್ಲಿ ತಲೆಯೆತ್ತಿದರೆ ಮಾಡಿನ ತುಂಬ ಪುರಾಣದ ವರ್ಣಚಿತ್ರಗಳು.

ಇನ್ನೊಂದು ನಂಟೂ ಉಂಟು. ಬಾರಾಮಹಲೆಂದು ಕರೆಯಿಸಿಕೊಂಡ ಈ ಸೀಮೆ 1792ರಲ್ಲಿ ಟಿಪ್ಪುವಿನ ಕೈಯಿಂದ ಕಂಪೆನಿಯ ವಶವಾಯಿತು. ಇಲ್ಲಿ ಕಂದಾಯದ ಕೆಲಸ ಕಲಿತ ಥಾಮಸ್ ಮನ್ರೋನೇ 1799ರಲ್ಲಿ ಕಲೆಕ್ಟರನಾಗಿ ನಮ್ಮ ಕೆನರಾಕ್ಕೆ ಬಂದವನು. ಕಾಸರಗೋಡಿನ ಅಜ್ಜಂದಿರು ಕಟ್ಟಿದ ತೀರ್ವೆಯ ಲೆಕ್ಕಾಚಾರಕ್ಕೆ ಧರ್ಮಪುರಿಯ ಹೊಲಗಳಲ್ಲಿ ಪೂರ್ವಪಾಠ ನಡೆದಿತ್ತೆನ್ನಬಹುದು.

ಬೆಟ್ಟದ ‘ಮಲೆಯಾಳಿ’ಗಳು

ನಗರದ ಬಳಿಯ ವತ್ತಲಮಲೈ ಬೆಟ್ಟದಲ್ಲಿ ಕಾಫಿ ಬೆಳೆಯುತ್ತದೆ. ಅಲ್ಲಿಯ ಬುಡಕಟ್ಟಿನವರಿಗೆ ‘ಮಲೆಯಾಳಿ’ಗಳೆಂದು ಹೆಸರು. ನಮ್ಮ ನೆರೆಹೊರೆಯವರ ನೆಂಟರೆಂದು ಭಾವಿಸಬೇಡಿ! ಮಲೆಯನ್ನು ಆಳುವವರು ಎಂಬಷ್ಟೇ ಅರ್ಥ, ಆಡುವುದು ತಮಿಳು.

ಅಲ್ಲಿಯ ಕೂತ್ತು, ಇಲ್ಲಿಯ ಆಟ

ಕಲೆಯ ಮಾತಿಗೆ ಬಂದರೆ ಧರ್ಮಪುರಿ, ಸೇಲಂ ಕಡೆಯ ಹಳ್ಳಿಗಳ ಜೀವಾಳ ತೆರುಕೂತ್ತು. ‘ತೆರು’ ಎಂದರೆ ಬೀದಿ, ‘ಕೂತ್ತು’ ಎಂದರೆ ಆಟ. ಬಯಲಾಟ ನೋಡಿ ಬೆಳೆದ ನಮ್ಮವರು ಅಲ್ಲಿ ಹೋಗಿ ಕುಳಿತರೆ ಭಾಷೆ ತಿಳಿಯದಿದ್ದರೂ ಆಟ ತಿಳಿಯುತ್ತದೆ. ರಾತ್ರಿಯಿಡೀ ಪ್ರಸಂಗ, ತೆರೆಯ ಹಿಂದಿನಿಂದ ವೇಷದ ಪ್ರವೇಶ, ಕನ್ನಡಿ ಚೂರು ಹೊಳೆಯುವ ಮರದ ಕಿರೀಟ, ಭುಜಕೀರ್ತಿ, ಸ್ತ್ರೀವೇಷ ಕಟ್ಟುವ ಗಂಡಸರು. ‘ಕಟ್ಟಿಯಕಾರ’ನೆಂಬವನು ಸೂತ್ರಧಾರನೂ ಹೌದು, ನಮ್ಮ ಹಾಸ್ಯಗಾರನೂ ಹೌದು. ಚೆಂಡೆಯ ಬದಲು ಮೃದಂಗ, ಮುಖವೀಣೆ. ದ್ರೌಪದಿ ಅಮ್ಮನ ಗುಡಿಗಳ ಭಾರತ ಉತ್ಸವದಲ್ಲಿ ಹಗಲು ಕಥಾಶ್ರವಣ, ರಾತ್ರಿ ಕೂತ್ತು. ಅರ್ಜುನ ತಪಸ್ಸಿಗೆ ಎತ್ತರದ ಕಂಬ ಏರುತ್ತಾನೆ. ಕೊನೆಯ ದಿನ ಬಯಲಲ್ಲಿ ಮಲಗಿಸಿದ ಮಣ್ಣಿನ ದುರ್ಯೋಧನನ ತೊಡೆ ಮುರಿಯುತ್ತದೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ ಇದು ದೂರದ ಕಲೆಯೆನಿಸುವುದೇ ಇಲ್ಲ.

ಕ್ಯಾಮರಾದ ಕೆಲಸ

ಸಿನಿಮಾದವರು ಈ ಚೆಲುವನ್ನು ಬೇಗನೆ ಕಂಡುಕೊಂಡರು. ಮಣಿರತ್ನಂ 1992ರ ‘ರೋಜಾ’ ಚಿತ್ರದ ಹಾಡೊಂದರ ದೃಶ್ಯಗಳನ್ನು ಹೊಗೆನಕಲ್ಲಿನಲ್ಲಿ ತೆಗೆದರು. ಅವರೇ 1995ರ ‘ಬಾಂಬೆ’ಗೆ ನಮ್ಮ ಬೇಕಲ ಕೋಟೆಗೆ ಬಂದರು. ಎರಡೂ ಕಡೆ ನೆಲ ಹೆಸರಾಯಿತು. ಆದರೆ ಆ ನೆಲದವರ ಮಾತು ಆ ಹಾಡುಗಳಲ್ಲಿ ಬರಲಿಲ್ಲ. ಬರಬೇಕೆಂದು ಸಿನಿಮಾದವರನ್ನು ಕೇಳುವುದೂ ನ್ಯಾಯವಲ್ಲ. ಅದು ಆಯಾ ಊರಿನವರೇ ಮಾಡಬೇಕಾದ ಕೆಲಸ.

ಈಗ ಅದಕ್ಕೆ ದೊಡ್ಡ ಸಲಕರಣೆಯೂ ಬೇಕಿಲ್ಲ. ಆದರೂ ಹೊಗೆನಕಲ್ಲಿಗೆ ಹೋದವರು ತರುವ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ನೀರು, ಹರಿಗೋಲು, ಹುರಿದ ಮೀನು. ಅವೂ ಇರಲಿ. ಜೊತೆಗೆ ಗುಡಿಯ ತಳಪಾದಿಯ ರಾಮಾಯಣವೂ ಇರಲಿ. ಕೂತ್ತು ತೆಗೆಯುವುದಾದರೆ ಮೇಳದವರ ಒಪ್ಪಿಗೆ ಪಡೆದು, ಕುಣಿತದ ಅರೆನಿಮಿಷವಷ್ಟೇ ಅಲ್ಲ, ಒಂದು ಸಂಭಾಷಣೆಯನ್ನಾದರೂ ಪೂರ್ತಿ ತೆಗೆಯಿರಿ. ಕಲಾವಿದರ ಹೆಸರು, ಹಳ್ಳಿ, ಪ್ರಸಂಗ, ತಾರೀಕು ಕೊನೆಗೆ ಹೇಳಿಬಿಡಿ. ಹೆಸರಿಲ್ಲದ ಚಿತ್ರ ಹತ್ತು ವರ್ಷದಲ್ಲಿ ಅನಾಥವಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳಿವೆ. ಶಾಲೆಯಲ್ಲಿ ತಮಿಳು ಕಲಿತ ಮಕ್ಕಳಿಗೆ ಅಜ್ಜಿಯ ಕನ್ನಡ ಕಿವಿಯಲ್ಲಿದೆ, ಕೈಯಲ್ಲಿಲ್ಲ. ರಾಜ್ಯಭಾಷೆಯ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ತಮಿಳುನಾಡಿನಲ್ಲಿ 2006ರಲ್ಲಿ ಬಂತು, ಕೇರಳದಲ್ಲಿ 2017ರಲ್ಲಿ. ನೆಲದ ಭಾಷೆ ಕಲಿಯುವುದರಿಂದ ನಷ್ಟವಿಲ್ಲ. ಮನೆಯ ಭಾಷೆ ಬರೆಯಲು ಬಾರದೆ ಹೋದರೆ ನಷ್ಟವುಂಟು. ಬರೆಯಲಾಗದ ಕನ್ನಡವನ್ನು ಉಳಿಸಲು ದನಿ ಹಿಡಿಯುವ ಈ ಯಂತ್ರ ಒಂದು ಆಸರೆ. ಅಜ್ಜಿ ಹೇಳುವ ಕಥೆ, ಗಾದೆ, ಹೊಲದ ಹೆಸರು, ಅಡುಗೆಯ ಹೆಸರು ಇವೆಲ್ಲ ಅದರಲ್ಲಿ ಸೇರಲಿ. ಧರ್ಮಪುರಿಯವರಿಗೆ ಹೇಳುವ ಈ ಮಾತು ನಮಗೂ ಸಲ್ಲುತ್ತದೆ.

ಹೋಗಬೇಕೆನ್ನುವವರು ಮಂಗಳೂರು–ಚೆನ್ನೈ ರೈಲಿನಲ್ಲಿ ಸೇಲಂನಲ್ಲಿಳಿದು ಬಸ್ಸು ಹಿಡಿಯಬಹುದು. ಧರ್ಮಪುರಿ ಅಲ್ಲಿಂದ ಒಂದೆರಡು ಗಂಟೆಯ ಹಾದಿ. ಜಲಪಾತಕ್ಕೆ ಒಂದು ದಿನವಾದರೆ ಕೋಟೆಯ ಗುಡಿಗಳಿಗೆ ಅರ್ಧ ದಿನವನ್ನಾದರೂ ಇಟ್ಟುಕೊಳ್ಳಿ.