ಗುಡ್ಡದ ಕುಂಟು ನೇರಳೆ: ಕಡಿಯುವ ಮೊದಲು ಒಮ್ಮೆ ನೋಡಿ

ಹೊಸ ತೋಟ ಮಾಡೋಣ ಅಂತ ಗುಡ್ಡಕ್ಕೆ ಜೆಸಿಬಿ ತಂದರೆ ಮೊದಲು ಹೋಗೋದು ಪೊದೆಗಳು. ‘ಬರೀ ಕಾಡುಗಿಡ’ ಅಂತ ಕಿತ್ತು ಹಾಕುವ ಆ ಪೊದೆಗಳಲ್ಲಿ ಕುಂಟು ನೇರಳೆಯೂ ಒಂದು. ಕರಾವಳಿಯಲ್ಲಿ ಇದಕ್ಕೆ ಕುಂಟಲ ಅಂತಾರೆ. ಬೇಸಿಗೆ ರಜೆಯಲ್ಲಿ ಇದನ್ನು ತಿಂದು ನಾಲಿಗೆ ನೇರಳೆ ಮಾಡಿಕೊಂಡವರು ನಿಮ್ಮಲ್ಲೂ ಇರಬಹುದು.

ಇದು ಹೊರಗಿಂದ ಬಂದ ಗಿಡ ಅಲ್ಲ. ಪಶ್ಚಿಮ ಘಟ್ಟ, ಕರಾವಳಿ ಮತ್ತು ಶ್ರೀಲಂಕಾ ಇದರ ತವರು. ನೇರಳೆ, ಪೇರಳೆ, ಲವಂಗ, ನೀಲಗಿರಿ ಎಲ್ಲ ಇದೇ ಕುಟುಂಬದವು. ವೈಜ್ಞಾನಿಕ ಹೆಸರು ಸಿಜೀಜಿಯಮ್ ಕ್ಯಾರಿಯೋಫಿಲೇಟಮ್.

ಗುರುತಿಸೋದು ಹೇಗೆ?

• ದೊಡ್ಡ ನೇರಳೆಯಂತೆ ಎತ್ತರದ ಮರ ಆಗಲ್ಲ. ಪೊದೆ ಅಥವಾ ಸಣ್ಣ ಮರ.
• ಎಲೆ ದಪ್ಪ, ನುಣುಪು, ತುದಿ ಕಡೆ ಅಗಲ. ಎದುರು ಬದುರಾಗಿ ಬರುತ್ತೆ.
• ಬೇಸಿಗೆ ಶುರುವಾಗುವಾಗ ಕೊಂಬೆ ತುದಿಯಲ್ಲಿ ಗೊಂಚಲು ಗೊಂಚಲು ಬಿಳಿ ಹೂವು. ದೂರಕ್ಕೆ ಕಾಣೋದು ಎಸಳಲ್ಲ, ಕೇಸರಗಳು.
• ಮಳೆಗಾಲಕ್ಕೆ ಮುಂಚೆ ಕಪ್ಪು ನೇರಳೆ ಬಣ್ಣದ, ಬಟಾಣಿಯಂಥ ದುಂಡು ಹಣ್ಣು. ರುಚಿ ಸಿಹಿ, ಜೊತೆಗೆ ಒಗರು.

ಅನುಮಾನ ಇದ್ದರೆ ಎಲೆ, ಹೂವು, ಹಣ್ಣು ಮೂರರ ಫೋಟೋ ತೆಗೆದು ಊರಿನ ಹಿರಿಯರಿಗೆ ತೋರಿಸಿ. ಎಲೆಯ ಫೋಟೋ ಒಂದನ್ನೇ ನೋಡಿ ಆ್ಯಪ್ ಹೇಳಿದ್ದನ್ನು ನಂಬಿ ಯಾವ ಕಾಡುಹಣ್ಣನ್ನೂ ತಿನ್ನಬೇಡಿ.

ಇದರಿಂದ ನಮಗೇನು ಲಾಭ?

ಹಣ್ಣು ಮಾರಿ ದುಡ್ಡು ಮಾಡೋ ಬೆಳೆ ಇದಲ್ಲ. ಹಣ್ಣು ಸಣ್ಣದು, ಕೊಯ್ದ ಮೇಲೆ ಹೆಚ್ಚು ದಿನ ಉಳಿಯಲ್ಲ. ಲಾಭ ಇರೋದು ಹೂವಿನಲ್ಲಿ. ತುಡುವೆ, ಮುಜಂಟಿ ಜೇನುಗಳಿಗೆ ಇದು ಮೇವು. ಅದೇ ಹೊತ್ತಿಗೆ ನಿಮ್ಮ ಗದ್ದೆಯಲ್ಲಿ ಹಾಗಲ, ಸೌತೆ, ಕುಂಬಳ ಹೂ ಬಿಟ್ಟಿರುತ್ತವೆ. ಜೇನು ಬಾರದಿದ್ದರೆ ಇವುಗಳ ಹೂವು ಕಾಯಿ ಕಟ್ಟದೆ ಉದುರುತ್ತದೆ. ಪೊದೆ ಕಡಿದು, ಆಮೇಲೆ ‘ಈ ಸಲ ಕಾಯಿ ಕಚ್ಚಿಲ್ಲ’ ಅಂದರೆ ಏನು ಮಾಡೋಣ?

ಇನ್ನೊಂದು, ಮುರಕಲ್ಲಿನ ಇಳಿಜಾರಿನಲ್ಲಿ ಮೇಲ್ಮಣ್ಣು ತೆಳು. ಬೇರು ಹಿಡಿದಿರೋ ಪೊದೆ ಹೋದರೆ ಮೊದಲ ದೊಡ್ಡ ಮಳೆಗೇ ಮಣ್ಣು ತೋಡು ಸೇರುತ್ತೆ.

ಗಿಡ ಮಾಡೋದು ಹೇಗೆ?

1. ನಿಮ್ಮದೇ ಜಾಗದ ಗಿಡದಿಂದ ಚೆನ್ನಾಗಿ ಕಳಿತ ಹಣ್ಣು ಆರಿಸಿ. ಒಂದಷ್ಟು ಹಕ್ಕಿಗಳಿಗೂ ಬಿಡಿ, ಬೀಜ ಹರಡೋರು ಅವರೇ.
2. ತಿರುಳು ತೊಳೆದು ತೆಗೆಯಿರಿ. ಬೀಜ ಒಣಗಿಸಿ ಇಡಬೇಡಿ; ಒಣಗಿದರೆ ಹುಟ್ಟಲ್ಲ. ಒಂದೆರಡು ದಿನದೊಳಗೆ ಬಿತ್ತಿ.
3. ಮಣ್ಣು, ಮರಳು, ಹಟ್ಟಿಗೊಬ್ಬರ ಬೆರೆಸಿದ ತೊಟ್ಟೆಯಲ್ಲಿ ತೆಳ್ಳಗೆ ಮುಚ್ಚಿ, ನೆರಳಲ್ಲಿಡಿ. ನೀರು ನಿಲ್ಲಬಾರದು.
4. ಮುಂದಿನ ಮಳೆಗಾಲ ಶುರುವಾದ ಕೂಡಲೇ ಬೇಲಿ ಸಾಲಲ್ಲಿ ಅಥವಾ ತೋಟದ ಅಂಚಲ್ಲಿ ನೆಡಿ. ನಿಧಾನ ಬೆಳೆಯೋ ಗಿಡ, ತಾಳ್ಮೆ ಬೇಕು.

ಹಣ್ಣು ತಿಂದರೆ ಶುಗರ್ ವಾಸಿ ಅಂತ ವಾಟ್ಸಾಪ್‌ನಲ್ಲಿ ಬಂದರೆ ಮಾತ್ರೆ ಬಿಡಬೇಡಿ. ಹಣ್ಣನ್ನು ಹಣ್ಣಂತ ತಿನ್ನಿ, ಸಾಕು.

ತೋಟ ಮಾಡಬೇಡಿ ಅಂತ ನಾವು ಹೇಳ್ತಿಲ್ಲ. ಜೆಸಿಬಿ ಬರೋ ಹಿಂದಿನ ದಿನ ಗುಡ್ಡ ಒಂದು ಸುತ್ತು ಹಾಕಿ, ಅಂಚಿನ ಕುಂಟು ನೇರಳೆಗೆ ಬಣ್ಣದ ಬಟ್ಟೆ ಕಟ್ಟಿ, ‘ಇದನ್ನು ಮುಟ್ಟಬೇಡಿ’ ಅಂತ ಡ್ರೈವರಿಗೆ ಹೇಳಿ. ಅರ್ಧ ಗಂಟೆಯ ಕೆಲಸ. ಕಿತ್ತ ಮೇಲೆ ಅಂಥದ್ದೇ ಪೊದೆ ಬೆಳೆಸೋಕೆ ವರ್ಷಗಳೇ ಬೇಕು.